ಜಲಜಾ ಹೊಸೆದ ಎರಡೆಳೆ

ಅಮೆರಿಕದ ಮೇಲೆ ಜಲಜಾಳಿಗಿದ್ದ ದೂರುಗಳಲ್ಲಿ ಮುಖ್ಯವಾದದ್ದು, ಅಷ್ಟು ದೊಡ್ಡ ದೇಶದಲ್ಲಿ ತನ್ನ ಕೈಗೆ ತಕ್ಕ ಒಂದು ತಲೆ ಸಿಗಲಿಲ್ಲವಲ್ಲ ಎನ್ನುವುದು. ಮೈಸೂರಿನಲ್ಲಿ ಅವಳು ಮೊಗ್ಗಿನ ಜಡೆ ಹೆಣೆಯಲು ಕೂತರೆ ಮದುವೆ ಮನೆಯ ಗಂಡಸರೂ ಬಾಗಿಲಲ್ಲಿ ಇಣುಕಿ ನೋಡಿ ಹೋಗುತ್ತಿದ್ದರಂತೆ. (ಇದು ಅವಳೇ ಹೇಳಿದ್ದು. ಅವರು ಇಣುಕುತ್ತಿದ್ದದ್ದು ಜಡೆಯನ್ನು ನೋಡಲೋ ಮದುಮಗಳನ್ನು ನೋಡಲೋ ಎಂದು ಗಂಡ ಶ್ರೀಕಂಠ ಒಮ್ಮೆ ಕೇಳಿ, ಒಂದು ವಾರ ಆರಿದ ಸಾರು ಉಂಡಿದ್ದ.) ಆದರೆ ಸಾಂಟಾ ಕ್ಲಾರಾದ ಮನೆಯಲ್ಲಿ ಅವಳಿಗೆ ಹುಟ್ಟಿದವರಿಬ್ಬರೂ ಗಂಡುಮಕ್ಕಳು. ಕನ್ನಡ ಕೂಟದ ಹೆಣ್ಣುಮಕ್ಕಳಿಗೆಲ್ಲ ಬಾಬ್ ಕಟ್. ಹೀಗೆ ಒಬ್ಬ ಕೇಶಾಲಂಕಾರ ವಿದುಷಿಯ ಬೆರಳುಗಳು ಅಡುಗೆಮನೆಯಲ್ಲಿ ಬರೀ ಚಪಾತಿ ಹಿಟ್ಟು ನಾದುತ್ತ ಸವೆಯುತ್ತಿದ್ದವು.

ಉಳಿದಿದ್ದದ್ದು ಒಂದೇ ತಲೆ, ಇಂದುವಿನದು. ಏಳು ವರ್ಷದ ಇಂದು ಶ್ರೀಕಂಠನ ತಮ್ಮ ವೆಂಕಟಾಚಲನ ಮಗಳು. ಅವಳ ತಾಯಿ ಲೊರೇನ್ ಓಕ್‌ಲ್ಯಾಂಡಿನಲ್ಲೇ ಹುಟ್ಟಿ ಬೆಳೆದ ಕಪ್ಪು ಜನಾಂಗದವಳು, ಆಸ್ಪತ್ರೆಯೊಂದರಲ್ಲಿ ನರ್ಸು. ಈ ಮದುವೆಯ ಸುದ್ದಿ ಮೈಸೂರು ಮುಟ್ಟಿದಾಗ ಅತ್ತೆ ನಂಜಮ್ಮನವರು ಎರಡು ಹೊತ್ತು ಊಟ ಬಿಟ್ಟು, ಮಾರನೆಯ ದಿನ ಹೊಸ ಸೊಸೆಗೆ ಯಾವ ಬಣ್ಣದ ಸೀರೆ ಒಪ್ಪುತ್ತದೆ ಎಂದು ವಿಚಾರಿಸಿದ್ದರು. ಅಲ್ಲಿಗೆ ಆ ಅಧ್ಯಾಯ ಮುಗಿದಿತ್ತು. ಮುಗಿಯದೆ ಉಳಿದದ್ದು ಕೂದಲಿನ ಅಧ್ಯಾಯ.

ಇಂದುವಿನದು ಅಮ್ಮನ ಕೂದಲು. ದಟ್ಟವಾಗಿ, ಒಂದರೊಳಗೊಂದು ಸುರುಳಿ ಸುತ್ತಿಕೊಂಡಿದ್ದ ಕೂದಲು. ಲೊರೇನ್ ಎರಡು ವಾರಕ್ಕೊಮ್ಮೆ ಅದನ್ನು ಸಣ್ಣಸಣ್ಣ ಪಾಲುಗಳಾಗಿ ಬಿಡಿಸಿ, ಒಂದೊಂದು ಪಾಲನ್ನೂ ಎರಡೆಳೆ ಮಾಡಿ, ಎಳೆಯ ಮೇಲೆ ಎಳೆ ಸುತ್ತಿ ತುದಿಯವರೆಗೂ ಹೊಸೆಯುತ್ತಿದ್ದಳು. ಇದಕ್ಕೆ ಅವರು ಟ್ವಿಸ್ಟ್ ಎನ್ನುತ್ತಿದ್ದರು. ತಲೆ ತುಂಬ ಮಿರಮಿರ ಹೊಳೆಯುವ ಕರೀ ಹುರಿಗಳು.

“ಮೂರನೇ ಎಳೆ ಎಲ್ಲಿ?” ಎಂದಿದ್ದಳು ಜಲಜಾ ಮೊದಲ ಸಲ ನೋಡಿದಾಗ. “ಜಡೆ ಅಂದ್ಮೇಲೆ ಮೂರೆಳೆ ಇರ್ಬೇಕು. ಎರಡೆಳೆ ಹೊಸೆದ್ರೆ ಅದು ದೀಪದ ಬತ್ತಿ. ಕೊಡು ಇಲ್ಲಿ, ನಾನು ಬಾಚ್ತೀನಿ.”

“ಬೇಡ ಅಕ್ಕ. ಈ ಕೂದಲಿನ ರೀತಿಯೇ ಬೇರೆ,” ಎಂದು ಲೊರೇನ್ ನಕ್ಕಿದ್ದಳು. (ಲೊರೇನಳಿಗೆ ಬರುತ್ತಿದ್ದ ಕನ್ನಡ ‘ಅಕ್ಕ’ ಒಂದೇ. ಮಿಕ್ಕಿದ್ದನ್ನು ಅವಳು ಇಂಗ್ಲಿಷಿನಲ್ಲೇ ಹೇಳುತ್ತಿದ್ದಳು, ಜಲಜಾ ಕನ್ನಡದಲ್ಲೇ ಕೇಳಿಸಿಕೊಳ್ಳುತ್ತಿದ್ದಳು.)

ಆ ನಗು ಜಲಜಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ತುತ್ತು ಇಡಬಹುದು, ಆದರೆ ತಲೆ ಮಾತ್ರ ಮುಟ್ಟಬಾರದು ಎಂದರೆ ತಾನೆಂಥ ದೊಡ್ಡಮ್ಮ? ಆ ತಲೆ ಒಂದು ದಿನ ತನ್ನ ಕೈಗೆ ಬರಲೇಬೇಕು ಎಂದು ಅವಳು ಆವತ್ತೇ ಶಪಥ ಮಾಡಿದಳು.

ಬಂದದ್ದು ಎಂಬತ್ತೈದನೆಯ ಇಸವಿಯ ಯುಗಾದಿಗೆ. ಪಂಚಾಂಗದ ಯುಗಾದಿ ಯಾವ ವಾರ ಬಿದ್ದರೂ ಕನ್ನಡ ಕೂಟದ ಯುಗಾದಿ ಶನಿವಾರವೇ ಬೀಳುತ್ತಿದ್ದ ಕಾಲ ಅದು. ವೆಂಕಟಾಚಲ ಕೆಲಸದ ಮೇಲೆ ಟೆಕ್ಸಾಸ್‌ಗೆ ಹೋಗಿದ್ದ, ಲೊರೇನಳಿಗೆ ಶನಿವಾರ ಡ್ಯೂಟಿ. ಶುಕ್ರವಾರ ಸಂಜೆ ಅವಳು ಇಂದುವನ್ನು ತಂದುಬಿಟ್ಟು ಹೇಳಿದಳು: “ಟ್ವಿಸ್ಟು ನಿನ್ನೆ ತಾನೇ ಹಾಕಿದ್ದೀನಿ ಅಕ್ಕ. ಮಲಗೋವಾಗ ಈ ಸ್ಯಾಟಿನ್ ಬಟ್ಟೆ ಕಟ್ಟಿ, ಅಷ್ಟು ಸಾಕು. ತಲೆಗೆ ನೀರು ಮಾತ್ರ ಸೋಕಿಸ್ಬೇಡಿ. ಸಂಜೆ ನಾನು ನೇರ ಕೂಟದ ಹಾಲ್‌ಗೇ ಬರ್ತೀನಿ.”

ಬೆಳಗಾಯಿತು. ಜಲಜಾ ಹರಳೆಣ್ಣೆ ಬಿಸಿಗಿಟ್ಟಳು.

“ಲೇ, ನೀರು ಬೇಡ ಅಂದಿದ್ಲಲ್ಲೇ ಅವಳು?” ಎಂದ ಶ್ರೀಕಂಠ.

“ಯುಗಾದಿ ದಿನ ಮಗೂಗೆ ಎಣ್ಣೆನೀರಿಲ್ಲ ಅಂದ್ರೆ ಏನ್ರೀ? ಅವಳು ಹೇಳಿದ್ದು ಮಾಮೂಲಿ ನೀರಿನ ವಿಷಯ. ಇದು ಹಬ್ಬದ ನೀರು.”

“ಎರಡೂ ಬರೋದು ಅದೇ ನಲ್ಲೀಲಿ.”

“ನೀವು ನಿಮ್ಮ ಆಫೀಸಿನ ಕಂಪ್ಯೂಟರ್ ಚಿಪ್ಪು ನೋಡ್ಕೊಳ್ಳಿ. ತಲೆ ವಿಷಯ ನನಗೆ ಬಿಡಿ.”

ಎಣ್ಣೆ ಕಾದ ವಾಸನೆ ಮನೆ ತುಂಬಿತು. ಇಂದು ಕಾಲು ಚಾಚಿ ಕೂತಳು. ನೆತ್ತಿಗೆ ಎಣ್ಣೆ ತಟ್ಟುತ್ತ ಜಲಜಾ ತನಗರಿವಿಲ್ಲದೆಯೇ ಮೈಸೂರಿಗೆ ಹೊರಟುಹೋದಳು. ಹಿತ್ತಲ ಬಚ್ಚಲು, ಮಸಿ ಹಿಡಿದ ತಾಮ್ರದ ಹಂಡೆ, ಕಣ್ಣಿಗೆ ಹೊಗೆ, ತಲೆಗೆ ಅಜ್ಜಿಯ ಕೈ, ಕೊನೆಯ ಚೊಂಬಿನ ಸುಡುನೀರಿಗೆ ತಾನು ಕಿರುಚುತ್ತಿದ್ದದ್ದು, ಆಮೇಲೆ ಸಾಂಬ್ರಾಣಿ ಬುಟ್ಟಿಯ ಮೇಲೆ ಹರಡಿದ ಕೂದಲು, ಬಿಸಿ ಹೋಳಿಗೆ, ಮಧ್ಯಾಹ್ನದ ಹಾಳು ನಿದ್ದೆ. ಎಲ್ಲವನ್ನೂ ಹೇಳುತ್ತ ಹೋದಳು. ಹಂಡೆ ಒಂದು ಪುಟ್ಟ ಕಾರಿನಷ್ಟಿತ್ತು ಎಂದಾಗ ಇಂದು ಬಾಯಿ ತೆರೆದು ಕೂತಳು.

ಆಮೇಲೆ ಬಂತು ಸೀಗೆಪುಡಿ. ಊರಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದದ್ದು, ಏರ್‌ಪೋರ್ಟಿನಲ್ಲಿ ಅಧಿಕಾರಿಯೊಬ್ಬ ಮೂಸಿ ನೋಡಿ, ಸೀನಿ, ಕೈಮುಗಿದು ಬಿಟ್ಟದ್ದು. ನೇರ ಕೂದಲಾದರೆ ಎರಡು ಚೊಂಬಿಗೆ ಅದು ಹರಿದುಹೋಗುತ್ತದೆ. ಆದರೆ ಈ ಹುರಿಗಳೊಳಗೆ ನುಗ್ಗಿದ ಪುಡಿ ಅಲ್ಲೇ ಬಿಡಾರ ಹೂಡಿತು. ಎಷ್ಟು ನೀರು ಸುರಿದರೂ ಬರಲೊಲ್ಲದು. ಬಿಚ್ಚಿ ತೊಳೆಯೋಣವೆಂದು ಜಲಜಾ ಒಂದೊಂದೇ ಹುರಿ ಬಿಚ್ಚಿದಳು. ಬಿಚ್ಚಿದ ಹುರಿ ಅವಳ ಕಣ್ಣೆದುರಿಗೇ ಮೇಲೇರಿತು. ಭುಜದಲ್ಲಿದ್ದದ್ದು ಕತ್ತಿಗೆ, ಕತ್ತಿನಿಂದ ಕಿವಿಗೆ.

“ರೀ! ಓಡಿಬನ್ನಿ! ಮಗೂ ಕೂದಲು ಹೋಯ್ತು!”

ಶ್ರೀಕಂಠ ಸ್ಪ್ಯಾನರು ಹಿಡಿದೇ ಬಂದ. ಟಬ್ಬಿನ ಕೆಳಗೆ ಬೋರಲು ಮಲಗಿ ಕೊಳವೆ ಬಿಚ್ಚಿ, ಒಳಗಿನಿಂದ ಕ್ರಮವಾಗಿ ಒಂದು ಆಟದ ಸೈನಿಕನನ್ನೂ ತನ್ನ ಕಳೆದುಹೋಗಿದ್ದ ಅಂಗಿಯ ಗುಂಡಿಯನ್ನೂ ಹೊರತೆಗೆದ. ಕೂದಲು ಇರಲಿಲ್ಲ.

“ಇಟ್ ಜಸ್ಟ್ ಶ್ರಿಂಕ್ಸ್, ದೊಡ್ಡಮ್ಮ,” ಎಂದು ಇಂದು ಸಮಾಧಾನ ಹೇಳಿದಳು. ಒಂದು ಸುರುಳಿ ಹಿಡಿದು ಭುಜದವರೆಗೆ ಎಳೆದು ತೋರಿಸಿ, ಕೈ ಬಿಟ್ಟಳು. ಅದು ಸ್ಪ್ರಿಂಗಿನಂತೆ ಟಕ್ಕೆಂದು ಕಿವಿಗೆ ಹೋಯಿತು. ಮತ್ತೆ ಎಳೆದಳು, ಮತ್ತೆ ಬಿಟ್ಟಳು. ಜಲಜಾಳ ಜೀವವೂ ಜೊತೆಜೊತೆಗೆ ಕೆಳಗೆ ಮೇಲೆ ಆಡುತ್ತಿತ್ತು.

ಮಧ್ಯಾಹ್ನವೆಲ್ಲ ಅವಳು ಎರಡೆಳೆ ಹೊಸೆಯಲು ನೋಡಿದಳು. ಹೊಸೆದದ್ದು ತುದಿ ಮುಟ್ಟುವ ಹೊತ್ತಿಗೆ ಬುಡ ಬಿಚ್ಚಿಕೊಂಡಿರುತ್ತಿತ್ತು. ಕಡೆಗೆ ಆ ದೊಡ್ಡ ಕರೀ ಮೋಡವನ್ನು ಹಾಗೆಯೇ ಬಿಟ್ಟು, ಸುತ್ತ ಬಟ್ಟೆಯ ಮಲ್ಲಿಗೆ ಸರ ಸಿಕ್ಕಿಸಿ, ಹಾಲ್‌ಗೆ ಕರೆದೊಯ್ದಳು. ಲೊರೇನ್ ನರ್ಸಿನ ಬಿಳೀ ಉಡುಪಿನಲ್ಲೇ ಬಂದಳು. ಮಗಳ ತಲೆ ಮುಟ್ಟಿದಳು. ಬೆರಳಿಗಂಟಿದ ಪುಡಿಯನ್ನು ಮೂಸಿದಳು.

“ಏನಿದು?”

“ಸೀಗೆಕಾಯಿ,” ಎಂದಳು ಜಲಜಾ, ಕೊಲೆ ಒಪ್ಪಿಕೊಳ್ಳುವ ದನಿಯಲ್ಲಿ.

“ಅಡುಗೇದಾ?”

ಜಲಜಾ ಅಳು ತಡೆಯಲಾರದೆ ಎಲ್ಲವನ್ನೂ ಒದರಿಬಿಟ್ಟಳು, ಸೈನಿಕನ ಸಮೇತ. ಲೊರೇನ್ ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು, “ಮುಂದಿನ ಸಲ ನಾವೇ ನಿಮ್ಮನೆಗೆ ಬರ್ತೀವಿ. ಪಕ್ಕದಲ್ಲಿ ಕೂತು ನೋಡಿ ಕಲೀರಿ ಅಕ್ಕ,” ಎಂದಳು.

ಹೀಗೆ ಶುರುವಾದವು ಆ ಶನಿವಾರಗಳು. ಬಿಸಿಬೇಳೆಬಾತಿನ ಊಟ ಮುಗಿಸಿ ಲೊರೇನ್ ಸೋಫಾದ ಮೇಲೆ, ಅವಳ ಮೊಣಕಾಲುಗಳ ನಡುವೆ ಕಾರ್ಪೆಟ್ಟಿನ ಮೇಲೆ ಇಂದು, ಪಕ್ಕದಲ್ಲಿ ನೀರು ಚಿಮುಕಿಸುವ ಬಾಟಲಿ ಹಿಡಿದು ಜಲಜಾ. ವಿದುಷಿಗೆ ಸಿಕ್ಕ ಮೊದಲ ಹುದ್ದೆ ಅದು. ಒಣಗೂದಲಿಗೆ ಬಾಚಣಿಗೆ ಹಾಕಬಾರದು, ಮೊದಲು ನೀರು, ಆಮೇಲೆ ಕ್ರೀಮು, ತುದಿಯಿಂದ ಬುಡಕ್ಕೆ ಸಿಕ್ಕು ಬಿಡಿಸಬೇಕು. ಎಳೆಗಳನ್ನು ಬೆರಳಲ್ಲಿ ಬಲಕ್ಕೆ ತಿರುಚುತ್ತ, ಒಂದರ ಮೇಲೊಂದನ್ನು ಎಡಕ್ಕೆ ಸುತ್ತಬೇಕು. ಎರಡೂ ಒಂದೇ ಕಡೆಗಾದರೆ ಬಿಚ್ಚಿಹೋಗುತ್ತದೆ. ಇಷ್ಟನ್ನು ಕಲಿಯುವಾಗ ಜಲಜಾಳ ಬಾಯಿ ಸುಮ್ಮನಿರಬೇಕಲ್ಲ? ದಸರಾ ಆನೆ ಅಜ್ಜಿಯ ಚೀಲದಿಂದ ಬೆಲ್ಲದಚ್ಚು ಕದ್ದದ್ದು, ಚಾಮುಂಡಿಬೆಟ್ಟ ಹತ್ತುವಾಗ ಚಿಕ್ಕಪ್ಪನ ಪಂಚೆಯನ್ನು ಕೋತಿ ಒಯ್ದದ್ದು, ಎಲ್ಲ ಕನ್ನಡದಲ್ಲೇ ಹರಿಯುತ್ತಿತ್ತು.

ಬೇಸಿಗೆಯ ಹೊತ್ತಿಗೆ ಬಡ್ತಿ ಬಂತು. ಹಿಂದಲೆಯ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಒಂದೇ ಒಂದು ಹುರಿ ಅವಳ ಪಾಲಿಗೆ. ಮೂರನೆಯ ಎಳೆಗಾಗಿ ತಡಕಾಡುವ ಬೆರಳುಗಳನ್ನು ಗದರಿಸುತ್ತ ಹೊಸೆದಳು. ಸೋಮವಾರ ಬೆಳಗ್ಗೆಯೇ ಫೋನು ಮಾಡಿದಳು.

“ನನ್ನ ಹುರಿ ಇದ್ಯಾ ಇಂದೂ?”

“ಇದೆ ದೊಡ್ಡಮ್ಮ.”

“ರೀ, ನಿಂತಿದೆಯಂತೆ!” ಎಂದು ಕೂಗಿ ಆ ದಿನ ಕೇಸರಿಬಾತ್ ಮಾಡಿದಳು. ಮುಂದಿನ ಸಲವೂ ನಿಂತಿತ್ತು, ಅದರ ಮುಂದಿನ ಸಲವೂ ನಿಂತಿತ್ತು. ಒಂದು ಹುರಿ ಜಲಜಾಳ ಮಾತಿನಲ್ಲಿ ಮೆಲ್ಲಗೆ ಅರ್ಧ ತಲೆಯಾಗಿ, ಇಡೀ ತಲೆಯಾಗಿ, ದೀಪಾವಳಿಯ ಹೊತ್ತಿಗೆ ಕನ್ನಡ ಕೂಟದ ಹೆಂಗಸರಿಗೆಲ್ಲ “ಬನ್ನಿ, ಒಂದು ಡೆಮಾನ್‌ಸ್ಟ್ರೇಶನ್ ಕೊಡ್ತೀನಿ” ಎನ್ನುವವರೆಗೆ ಬೆಳೆಯಿತು.

ಶನಿವಾರ ಜಲಜಾಳ ಮನೆಯ ಹಾಲ್ ತುಂಬಿತು. ಹುಬ್ಬಳ್ಳಿಯ ನೀಲವ್ವ ಮುಂದಿನ ಸಾಲಿನಲ್ಲೇ ಕೂತರು. “ಏನವಾ ಜಲಜಾ, ಹುರಿ ಹೊಸಿಯೂದು ಭಾಳ ಛಲೋ ಕಲತೀಯಂತ. ತೋರ್ಸು ನೋಡೂಣು.”

ಜಲಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಂದುವಿನ ಹಿಂದೆ ಕೂತು, ಘನಗಂಭೀರವಾಗಿ ಒಂದು ಹುರಿ ಹೊಸೆದು ಕೈಬಿಟ್ಟಳು. “ನೋಡಿ, ಇನ್ನು ಎರಡು ವಾರ ಇದು ಅಲ್ಲಾಡಲ್ಲ.”

ಹುರಿ ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು ತಿರುಗಿತು. ಆಮೇಲೆ ಆರಾಮಾಗಿ ಬಿಚ್ಚಿಕೊಂಡು ಎರಡು ಎಳೆಯಾಗಿ ಕೂತಿತು.

“ಪರವಾಗಿಲ್ಲ ದೊಡ್ಡಮ್ಮ, ಮಮ್ಮಿ ಫಿಕ್ಸ್ ಮಾಡತ್ತೆ,” ಎಂದಳು ಇಂದು.

“ಏನಂತಿ ಕೂಸ?” ಎಂದರು ನೀಲವ್ವ.

ಇಂದು ತನಗೆ ಬರುತ್ತಿದ್ದ ಕನ್ನಡವನ್ನೆಲ್ಲ ಒಟ್ಟುಗೂಡಿಸಿದಳು. “ದೊಡ್ಡಮ್ಮ ಮಾಡಿದ್ದು ಬಿಚ್ಚಿಹೋಗತ್ತೆ. ಎವ್ವೆರಿ ಟೈಮ್. ಫ್ರೀವೇ ಹತ್ರ ಗ್ಯಾಸ್ ಸ್ಟೇಶನ್‌ನಲ್ಲಿ ಮಮ್ಮಿ ಕಾರು ನಿಲ್ಲಿಸತ್ತೆ. ಮತ್ತೆ ಹಾಕತ್ತೆ. ನಂಗೆ ಡೋನಟ್ ಕೊಡತ್ತೆ. ಇಟ್ಸ್ ಎ ಸೀಕ್ರೆಟ್.”

ಹಾಲ್‌ನಲ್ಲಿ ಯಾರೂ ನಗಲಿಲ್ಲ. ನಗದಿರುವ ಪ್ರಯತ್ನದಲ್ಲಿ ನೀಲವ್ವನವರಿಗೆ ಕೆಮ್ಮು ಬಂತು.

“ಯಾವತ್ತಿಂದ?” ಎಂದಳು ಜಲಜಾ ಲೊರೇನಳ ಕಡೆ ತಿರುಗಿ.

“ಮೊದಲನೇ ದಿನದಿಂದ ಅಕ್ಕ.”

“ಮತ್ತೆ ಯಾಕೆ ಕಲಿಸ್ತಿದ್ದೆ? ಎರಡು ವಾರಕ್ಕೊಮ್ಮೆ ಅಷ್ಟು ದೂರದಿಂದ ಯಾಕೆ ಬರ್ತಿದ್ದೆ?”

ಲೊರೇನ್ ತಲೆ ತಗ್ಗಿಸಿದಳು. “ಮನೇಲಿ ಇವಳು ನನ್ನ ಮುಂದೆ ಐದು ನಿಮಿಷ ಕೂರಲ್ಲ. ಎದ್ದೋಡ್ತಾಳೆ, ಅಳ್ತಾಳೆ. ಇಲ್ಲಿ ನೀವು ಆ ಆನೆ ಕತೆ ಹೇಳೋಕೆ ಶುರು ಮಾಡಿದ್ರೆ ಕತ್ತು ಕೂಡ ಅಲ್ಲಾಡಿಸಲ್ಲ. ನನ್ನ ಕೆಲಸ ಅರ್ಧ ಹೊತ್ತಿಗೇ ಮುಗಿಯತ್ತೆ.”

ಜಲಜಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ತಿಂಗಳು ತಾನು ಈ ಸಂಸ್ಥಾನದ ಕೇಶಾಲಂಕಾರ ವಿದುಷಿ ಎಂದುಕೊಂಡಿದ್ದಳು. ನಿಜಕ್ಕೂ ಆಗಿದ್ದದ್ದು ರೇಡಿಯೋ. ಅವಳು ಬಾಚಣಿಗೆಯನ್ನು ಲೊರೇನಳ ಕೈಗಿತ್ತು, ದೂರದ ಕುರ್ಚಿಯಲ್ಲಿ ಹೋಗಿ ತುಟಿ ಬಿಗಿದು ಕೂತಳು.

ಲೊರೇನ್ ಮಗಳ ಹಿಂದೆ ಕೂತು ಮೊದಲ ಪಾಲು ಬಿಡಿಸಿದಳು. ಇಂದು ಕತ್ತು ಕೊಂಕಿಸಿದಳು, ಕಾಲು ಝಾಡಿಸಿದಳು, “ಔಚ್” ಎಂದಳು, ಅರ್ಧ ಎದ್ದಳು. ಹುರಿ ಸೊಟ್ಟಗಾಯಿತು. ಇಂದು ಹಿಂತಿರುಗಿ ಅಮ್ಮನನ್ನು ನೋಡಲಿಲ್ಲ. ನೋಡಿದ್ದು ಮೂಲೆಯ ಕುರ್ಚಿಯನ್ನು.

“ದೊಡ್ಡಮ್ಮ? ಆನೆ?”

ಜಲಜಾ ಗೋಡೆ ನೋಡಿದಳು. ಕಿಟಕಿ ನೋಡಿದಳು. ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಕಡೆಗೆ ಕುರ್ಚಿಯನ್ನು ದರದರ ಎಳೆದುಕೊಂಡು ಮಗುವಿನೆದುರಿಗೇ ಬಂದು ಕೂತು, ಗಂಟಲು ಸರಿಮಾಡಿಕೊಂಡಳು.

“ಆವತ್ತು ವಿಜಯದಶಮಿ. ನಮ್ಮಜ್ಜಿ ಕಂಕುಳಲ್ಲಿ ಚೀಲ ಇಟ್ಕೊಂಡು...”

ಇಂದು ಕಲ್ಲಿನ ಗೊಂಬೆಯಂತೆ ಕೂತಳು. ಲೊರೇನಳ ಬೆರಳುಗಳು ಓಡತೊಡಗಿದವು. ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ ಶ್ರೀಕಂಠ ಕತ್ತು ಹೊರಗೆ ಹಾಕಿ ಕೂಗಿದ:

“ಇಲ್ಲಿಗೆ ಕೇಳ್ತಿಲ್ಲ ಕಣೇ, ಸ್ವಲ್ಪ ಸೌಂಡು ಜಾಸ್ತಿ ಮಾಡು!”