ಗೋಡೆ ಒಡೆಯದೆ ಕೂಡಿಸಿದ ಕಿಟಕಿ

ಒಬ್ಬಂಟಿ ಹೆಂಗಸು ಮನೆಗೆ ಏನು ತಂದರೂ ಓಣಿಗೆಲ್ಲ ಅದರ ಕಾರಣ ಬೇಕಾಗುತ್ತದೆ. ನಾನು ತಂದದ್ದಂತೂ ಒಂದು ಹಳೇ ಕಿಟಕಿ. ಅಂದಮೇಲೆ ಇಂಥ ಪ್ರಸಂಗಗಳು ಆಗದೆ ಇರುತ್ತವೆಯೇ?

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಕೊಡುವವಳು. ಮದುವೆಯಾಗಿಲ್ಲ. ಯಾವ ಊರಿಗೆ ವರ್ಗವಾದರೂ ಒಂದು ಬಾಡಿಗೆ ಮನೆ. ಸಂಜೆ ನಾನೇ ಬೀಗ ತೆಗೆಯಬೇಕು, ನಾನೇ ಲೈಟು ಹಾಕಬೇಕು. ಆ ಮನೆಗಳ ಬೋಳು ಗೋಡೆಗಳನ್ನು ನೋಡಿ ನೋಡಿ ಬೇಸರವಾಗಿತ್ತು. ಅಂಥದ್ದರಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೊ ಕಂಡೆ. ಯಾರೋ ಹಳೇ ಕಿಟಕಿಗಳನ್ನು ಗೋಡೆಗೆ ತೂಗುಹಾಕಿ, ಕನ್ನಡಿ ಮಾಡಿ, ಟೇಬಲ್ ಮಾಡಿ ಮನೆಯನ್ನು ಅರಮನೆ ಮಾಡಿಕೊಂಡಿದ್ದರು. ನಮ್ಮ ಕಡೆ ಹಳೇ ಕಿಟಕಿಗೇನು ಕಡಿಮೆ ಅನ್ನಿಸಿತು.

೧. ಆಟೋದಾಗ ಕಿಟಕಿ

ಆಗ ನಾನು ಕೊಟ್ಟೂರಿನಲ್ಲಿದ್ದೆ. ನಮ್ಮ ಪಕ್ಕದ ಓಣಿಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಮಣ್ಣಿನ ಗುಡ್ಡೆಯ ಮೇಲೆ ಈ ಕಿಟಕಿ ಬಿದ್ದಿತ್ತು. ಸಾಗವಾನಿ ಚೌಕಟ್ಟು, ಕಬ್ಬಿಣದ ಸರಳು, ಎರಡು ಕದ, ಕದಕ್ಕೊಂದು ಹಿತ್ತಾಳೆ ಬಳೆ. ಕೊಡ್ತೀರಾ ಅಂತ ಮನೆ ಯಜಮಾನರನ್ನು ಕೇಳಿದೆ.

"ಕೊಡೋಣಂತ. ಯಾವ ಗ್ವಾಡಿಗೆ ಕೂಡಿಸ್ತೀರಿ?"

"ಕೂಡಸಂಗಿಲ್ರಿ. ಗ್ವಾಡಿ ಮ್ಯಾಲ ತೂಗು ಹಾಕ್ತೀನಿ."

"ಗ್ವಾಡಿ ಒಡೀದಂಗ?"

"ಹೌದ್ರಿ."

"ಮತ್ತ ಗಾಳಿ ಹೆಂಗ ಬರ್ತೈತಿ?"

"ಗಾಳಿ ಬರಂಗಿಲ್ರಿ."

ಅವರು ಕೆಲಸದವನಿಗೆ, "ಲೇ, ಬಿಸಿಲು ಭಾಳ ಐತಿ, ಅಕ್ಕಾರಿಗೆ ಮದಲು ನೀರು ಕೊಡಲೇ" ಅಂದರು.

ನೀರು ಕುಡಿದು ಒಂದು ಆಟೋ ಕರೆದೆ. ಹಿಂದಿನ ಸೀಟಿನಲ್ಲಿ ನಾನು ಕೂತೆ, ಕಿಟಕಿಯನ್ನು ಪಕ್ಕಕ್ಕೆ ನಿಲ್ಲಿಸಿ ಗಟ್ಟಿಯಾಗಿ ಹಿಡಿದುಕೊಂಡೆ. ದಾರಿಯುದ್ದಕ್ಕೂ ಜನ ಸರಳಿನೊಳಗಿಂದ ನನ್ನನ್ನು ಬಗ್ಗಿ ಬಗ್ಗಿ ನೋಡಿದರು. ಡ್ರೈವರ್ ಹಿಂದೆ ತಿರುಗಿ ಹೇಳಿದ: "ಆಟೋಕ್ಕ ಕಿಡಕಿ ಇಲ್ಲ, ಧೂಳು ಬರ್ತೈತಿ ಅಂತ ಎಲ್ಲಾರೂ ಬೈತಾರ್ರಿ ಅಕ್ಕಾ. ಮನಿಯಿಂದ ತಂದುಕೊಂಡು ಹತ್ತಿದಾಕಿ ನೀವ ಮದಲು!"

೨. ಆ ಕಡೆಯ ಅಡುಗೆಮನೆ

ಕಿಟಕಿಯನ್ನು ತೊಳೆದು, ಎಣ್ಣೆ ಸವರಿ, ಬಡಗಿಯನ್ನು ಕರೆಸಿ ನಡುಮನೆಯ ಗೋಡೆಗೆ ತೂಗುಹಾಕಿಸಿದೆ. ಬಡಗಿ ಮೊಳೆ ಹೊಡೆದದ್ದು ಆ ಕಡೆ ಇದ್ದ ಮನೆ ಒಡತಿಗೆ ಕೇಳಿಸಿದೆ. ಅವರ ಮನೆಗೂ ನನ್ನ ಮನೆಗೂ ಅದೊಂದೇ ಗೋಡೆ. ನಾನೋ, ಕೆಲಸದಿಂದ ಬಂದವಳೇ ಸುಮ್ಮನೆ ಒಂದು ಕದ ತೆಗೆಯುತ್ತಿದ್ದೆ. ತೆಗೆದರೆ ಸುಣ್ಣದ ಗೋಡೆ. ಆದರೂ ಕದ ಕಿರ್ ಅಂದಾಗ ಮನೆಯಲ್ಲಿ ಇನ್ನೊಬ್ಬರು ಎದ್ದು ಓಡಾಡಿದಂತೆ ಅನ್ನಿಸುತ್ತಿತ್ತು.

ಮರುದಿನ ಒಡತಿ ಬಂದರು. ಬಾಡಿಗೆಗೆ ಇದ್ದಷ್ಟು ದಿನದಲ್ಲಿ ಅವರು ಹೊಸ್ತಿಲು ದಾಟಿ ಒಳಗೆ ಬಂದದ್ದು ಅದೇ ಮೊದಲು. ಸೀದಾ ಹೋಗಿ ಕದ ತೆಗೆದರು.

"ಅಯ್ಯ, ಗ್ವಾಡಿ ಹಂಗಾ ಐತಲ್ರಿ!"

"ಹೌದ್ರಿ. ಚಂದಕ್ಕ ಹಾಕೀನಿ."

"ಆ ಕಡಿ ಏನೂ ಕಾಣಂಗಿಲ್ಲ?"

"ಏನೂ ಕಾಣಂಗಿಲ್ರಿ."

ಅವರ ಮುಖ ಸಣ್ಣದಾಯಿತು. "ಥೂ, ನಮ್ಮ ಅಡಿಗಿ ಮನಿ ನಿಮಗ ಕಾಣ್ತೈತಿ ಅಂತ ತಿಳಕೊಂಡು ನಿನ್ನಿಯಿಂದ ಎಲ್ಲಾ ಭಾಂಡೆ ತಿಕ್ಕಿ ಇಟ್ಟೀನಲ್ರಿ!"

೩. ಎದ್ದು ಹೋಗದ ಮುದುಕಿ

ಹಗರಿಬೊಮ್ಮನಹಳ್ಳಿಗೆ ವರ್ಗವಾಯಿತು. ಕಿಟಕಿಯೂ ಲಗೇಜಿನ ಜೊತೆ ಬಂತು. ಈ ಸಲ ಸರಳುಗಳ ಹಿಂದೆ ಕನ್ನಡಿ ಹಾಕಿಸೋಣವೆಂದು ಗಾಜಿನ ಅಂಗಡಿಯ ಸಾಬರ ಹತ್ತಿರ ಒಯ್ದೆ. ಅವರು ಅಳತೆ ತೆಗೆದುಕೊಂಡು, "ಇದರಾಗ ಮುಖ ನೋಡ್ಕೊಂಡ್ರ ಜೈಲಿನ್ಯಾಗ ಇದ್ದಂಗ ಕಾಣ್ತೀರಲ್ಲಮ್ಮ" ಅಂದರು. ಒಬ್ಬಳೇ ಇರುವವಳಿಗೆ ಅದೇನು ಹೊಸದಲ್ಲ ಅನ್ನಬೇಕೆಂದುಕೊಂಡೆ. ಕನ್ನಡಿ ಹಾಕಿಸಿಕೊಂಡು ಬಂದು ಗೋಡೆಗೆ ತೂಗುಹಾಕಿಸಿದೆ.

ಎದುರುಮನೆಯ ಅಜ್ಜಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಮೊಣಕಾಲು ನೋವಿನ ಗುಳಿಗೆ ಕೇಳಲು ಆಗಾಗ ಬಂದು, ಆ ಕಿಟಕಿಯ ಎದುರಿನ ಕುರ್ಚಿಯಲ್ಲೇ ಕೂರುವಳು. ಒಂದು ಸಲ ಚಹಾ ಕೊಟ್ಟಾಗ ಕಿಟಕಿಯ ಕಡೆ ಗೋಣು ತಿರುಗಿಸಿ, "ಅಕಿಗೂ ಒಂದೀಟು ಕೊಡವ್ವಾ" ಅಂದಳು. ನನಗೆ ಅರ್ಥವಾಗಲಿಲ್ಲ. ಆಗಾಗ ಒಳಗೆ ನುಗ್ಗುವ ಓಣಿಯ ಬೆಕ್ಕಿಗಿರಬೇಕು ಎಂದುಕೊಂಡು ಹ್ಞೂಂ ಅಂದೆ.

ಕೆಲವು ದಿನದ ಮೇಲೆ ಅಜ್ಜಿಯ ಸೊಸೆ ನಗುತ್ತ ಬಂದಳು. "ನಮ್ಮತ್ತಿ ಓಣ್ಯಾಗೆಲ್ಲಾ ಏನ್ ಹೇಳ್ಯಾಳ ಗೊತ್ತೇನ್ರಿ? 'ಪಾಪ, ಗುಳಿಗಿ ಅಕ್ಕಾರು ಒಳ್ಳೇ ಹೆಣಮಗಳು. ಆದ್ರ ಬಾಜೂ ಮನಿ ಮುದುಕಿ ಒಬ್ಬಾಕಿ ನಾ ಯಾವಾಗ ಹೋದ್ರೂ ಕಿಡಕ್ಯಾಗ ಕುಂತಿರ್ತಾಳ. ನಾ ಎದ್ದು ಬರೂತನಕ ಏಳಂಗೇ ಇಲ್ಲ ಆ ಮಾನಗೇಡಿ!'"

೪. ಸೆಖೆ

ಹಡಗಲಿಯಲ್ಲಿ ಸಿಕ್ಕ ಮನೆ ಎಷ್ಟು ಚಿಕ್ಕದೆಂದರೆ ಕಿಟಕಿ ತೂಗುಹಾಕಲು ಗೋಡೆಯೇ ಇರಲಿಲ್ಲ. ಕನ್ನಡಿ ಬಿಚ್ಚಿಸಿ, ನಾಲ್ಕು ಕಾಲು ಹಚ್ಚಿಸಿ ಟೇಬಲ್ ಮಾಡಿಸಿದೆ. ಕದ ಮುಚ್ಚಿದರೆ ಅದೇ ಹಲಗೆ. ಅದರ ಮೇಲೆ ದಿನಾ ಒಂದೇ ತಟ್ಟೆ, ಒಂದೇ ಲೋಟ.

ಆಸ್ಪತ್ರೆಗೆ ಹೊಸ ಡಾಕ್ಟರು ಬಂದಿದ್ದರು. ಸಂಕೋಚದ ಮನುಷ್ಯ. ಅವರನ್ನು ಚಹಾಕ್ಕೆ ಕರೆದೆ. ಟೇಬಲ್ಲಿನ ಮೇಲೆ ಎರಡು ಕಪ್ಪು ಇಟ್ಟು, ಮಂಡಕ್ಕಿ ಒಗ್ಗರಣೆ ಇಟ್ಟು, ಮಿರ್ಚಿ ಬಜ್ಜಿ ತರಲು ಒಳಗೆ ಹೋದೆ. ಧಡ್ ಅಂತ ಸದ್ದಾಯಿತು. ಬಂದು ನೋಡಿದರೆ ಡಾಕ್ಟರು ಹಿತ್ತಾಳೆ ಬಳೆ ಹಿಡಿದುಕೊಂಡು ನಿಂತಿದ್ದಾರೆ. ಕದ ತೆರೆದಿದೆ. ಕಪ್ಪುಗಳು ಚೂರಾಗಿವೆ, ಚಹಾ ಸರಳುಗಳ ಸಂದಿಯಿಂದ ನೆಲಕ್ಕೆ ಇಳಿಯುತ್ತಿದೆ, ಮಂಡಕ್ಕಿ ಅವರ ಕಾಲ ಮೇಲಿದೆ.

"ಏನಾತ್ರಿ ಸರ್?"

ಅವರು ಬೆವರು ಒರೆಸಿಕೊಳ್ಳುತ್ತ, "ಸೆಖಿ ಭಾಳ ಇತ್ತು ಮೇಡಂ... ಕಿಡಕಿ ಕಂಡ್ತು... ತಗದೆ" ಅಂದರು.

೫. ಸಾಲು

ಕೊನೆಗೆ ಹರಪನಹಳ್ಳಿಯಲ್ಲಿ ಸಣ್ಣದೊಂದು ಸ್ವಂತ ಮನೆ ಮಾಡಿದೆ. ನಡುಮನೆಗೂ ಅಡುಗೆಮನೆಗೂ ನಡುವೆ ಗೋಡೆ ಕಟ್ಟಿಸದೆ, ಕಿಟಕಿಯ ಕಾಲು, ಸರಳು ಎಲ್ಲ ತೆಗೆಸಿ, ಎರಡು ಸರಪಳಿಯಿಂದ ಮೇಲಿಂದ ಇಳಿಬಿಟ್ಟೆ. ಸುತ್ತ ಎಲ್ಲ ಬಯಲು. ನಡುವೆ ಒಂದು ಕಿಟಕಿ.

ಗೃಹಪ್ರವೇಶಕ್ಕೆ ಯಾರನ್ನು ಕರೆಯುವುದು? ನನಗೆ ಗೊತ್ತಿದ್ದದ್ದು ಬರೀ ಕೈಗಳು. ಗುಳಿಗೆ ಕೊಡುವ ನಮ್ಮ ಖೋಲಿಯ ಕಿಂಡಿ ಅಷ್ಟು ಚಿಕ್ಕದು. ಅದರೊಳಗೆ ಚೀಟಿ ಹಿಡಿದ ಕೈ ಬರುತ್ತದೆ, ಗುಳಿಗೆ ಹಿಡಿದು ಹೋಗುತ್ತದೆ. ಧೈರ್ಯ ಮಾಡಿ ಆ ಕೈಗಳಿಗೇ ಹೇಳಿದೆ: "ಐತವಾರ ಹೊಸಾ ಮನಿ ಹೊಗತೀನಿ, ಊಟಕ್ಕ ಬರ್ರಿ." ಕೆಲವು ಕೈ ಅಲ್ಲಾಡಿದವು. ಅದು ಹ್ಞೂಂ ಅಂತಲೋ ಉಹ್ಞೂಂ ಅಂತಲೋ ತಿಳಿಯಲಿಲ್ಲ.

ಐತವಾರ ಪೂಜೆ ಮುಗಿಸಿ, ಬುಟ್ಟಿ ತುಂಬ ಹೋಳಿಗೆ ಮಾಡಿಟ್ಟು ಕೂತೆ. ಬಾಗಿಲಿನ ತೋರಣ ಬಾಡಿತು. ಮಧ್ಯಾಹ್ನವಾದರೂ ಯಾರೂ ಇಲ್ಲ. ಇಷ್ಟೊಂದು ಹೋಳಿಗೆ ನಾನೊಬ್ಬಳೇ ಎಷ್ಟು ದಿನ ತಿನ್ನಲಿ ಅಂತ ಕಣ್ಣಲ್ಲಿ ನೀರು ಬಂತು. ಎದ್ದು ಅಡುಗೆಮನೆ ಕಡೆ ಹೋಗಿ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದೆ.

"ಅಕ್ಕಾರ, ಬಸ್ ತಡ ಆತ್ರಿ!" ಅಂತ ಬಾಗಿಲಲ್ಲಿ ದನಿ ಕೇಳಿತು. ತಿರುಗಿದರೆ ಸುತ್ತಲಿನ ಹಳ್ಳಿಗಳ ಜನ, ಚಿಗಟೇರಿಯವರು, ಅರಸೀಕೆರೆಯವರು, ಹಲವಾಗಲಿನವರು ಒಬ್ಬರ ಹಿಂದೊಬ್ಬರು ಒಳಗೆ ಬರುತ್ತಿದ್ದಾರೆ. ನಾನು ಕಿಟಕಿಯ ಈ ಕಡೆ ಇದ್ದೆ. ಅವರೆಲ್ಲ ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದರು, ಸುಮ್ಮನೆ ಅದರ ಮುಂದೆ ಸಾಲಾಗಿ ನಿಂತರು. ಎರಡೂ ಬದಿ ಬಯಲಿದ್ದರೂ ಒಬ್ಬರೂ ಸುತ್ತಿ ಬರಲಿಲ್ಲ. ಹಿಂದಿನಿಂದ ಒಬ್ಬಾಕೆ ಮುಂದೆ ನುಗ್ಗಲು ಹೋದರೆ, "ಸಾಲಿಗೆ ಬರ್ರಿ, ನಾವೇನ್ ಮಂದಿ ಅಲ್ಲೇನು?" ಅಂತ ಜಗಳವೂ ಆಯಿತು.

ನನಗೂ ಬೇರೇನು ತೋಚೀತು? ನಿಂತು ಒಂದೊಂದೇ ಹೋಳಿಗೆ ಕೊಟ್ಟೆ. ಕಿಟಕಿ ದೊಡ್ಡದು, ಕೈಯ ಹಿಂದೆ ಮುಖಗಳೂ ಕಂಡವು. ಇಷ್ಟು ದಿನ ಗುಳಿಗೆ ಇಸಕೊಂಡವರು ಇವರೇನಾ ಅಂತ ಒಂದೊಂದು ಮುಖವನ್ನೂ ಬಿಡದೆ ನೋಡಿದೆ. ಸಾಲಿನ ಕೊನೆಗೆ ಹಲವಾಗಲಿನ ಒಬ್ಬ ಅಜ್ಜ. ಹೋಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕಿಟಕಿಯೊಳಗೆ ತಲೆ ತೂರಿಸಿ, ಬಹಳ ಗಂಭೀರವಾಗಿ ಕೇಳಿದ:

"ಯವ್ವಾ, ಇದನ್ನ ಊಟಕ್ಕ ಮದಲು ತಗೊಳ್ಳೋದೋ, ಊಟ ಆದಮ್ಯಾಲೋ?"