ಬೆಂಕಿಗೂ ಒಂದು ನಮಃ

ನನಗೆ ಭಕ್ತಿ ಎಷ್ಟಿದೆ ಎಂದು ಕೇಳಿದರೆ ತಡವರಿಸುತ್ತೇನೆ. ಗಂಟಲು ಮಾತ್ರ ಧಾರಾಳವಾಗಿದೆ. ಕಾಲೇಜಿನಲ್ಲಿ ಎಂಬತ್ತು ಹುಡುಗರಿಗೆ ಮೈಕಿಲ್ಲದೆ ರಸಾಯನಶಾಸ್ತ್ರ ಹೇಳಿಕೊಡುವವನಿಗೆ ಬೇರೇನೂ ಉಳಿಯದಿದ್ದರೂ ಅಷ್ಟು ಉಳಿಯುತ್ತದೆ. ನಮ್ಮ ಮನೆತನದಲ್ಲಿ ಗಂಟಲಿದ್ದವನನ್ನು ಭಕ್ತನೆಂದೇ ತಿಳಿಯುವುದು ರೂಢಿ. ಹೀಗಾಗಿ ತ್ಯಾಗರಾಜನಗರದ ದೊಡ್ಡಮ್ಮನ ಮನೆಯಲ್ಲಿ ಶುಕ್ರವಾರದ ಕುಂಕುಮಾರ್ಚನೆಗೆ ದೇವಿಯ ಸಾವಿರ ನಾಮ ಓದುವ ಕೆಲಸ ನನಗೆ ಅಂಟಿಕೊಂಡಿತು. ನಾನು ‘ಓಂ’ ಸೇರಿಸಿ ಒಂದು ಹೆಸರು ಹೇಳಬೇಕು. ಸುತ್ತ ಕೂತ ಹನ್ನೊಂದು ಮಂದಿ ಹೆಂಗಸರು ‘ನಮಃ’ ಎಂದು ತಟ್ಟೆಗೆ ಚಿಟಿಕೆ ಕುಂಕುಮ ಹಾಕಬೇಕು. ಇನ್ನೂರು ನಾಮ ದಾಟಿದ ಮೇಲೆ ಬಾಯಿ, ಕೈ ಎರಡೂ ತಮ್ಮಷ್ಟಕ್ಕೆ ತಾವೇ ನಡೆಯುತ್ತವೆ. ಮನಸ್ಸು ಗಾಂಧಿ ಬಜಾರಿಗೆ ಹೋಗಿ ತರಕಾರಿ ಕೊಂಡು ಬಂದರೂ ಯಾರಿಗೂ ತಿಳಿಯುವುದಿಲ್ಲ.

ದೊಡ್ಡಮ್ಮನದು ಒಂದೇ ಕಾನೂನು. ಮಧ್ಯೆ ಬೇರೆ ಮಾತು ಬಂದರೆ ಅರ್ಚನೆಗೆ ಭಂಗ. ಮತ್ತೆ ಮೊದಲ ನಾಮದಿಂದ ಶುರು. ಒಮ್ಮೆ ಆರುನೂರು ದಾಟಿದಾಗ ಫೋನು ಹೊಡೆದುಕೊಂಡಿತು. ನಾನು ಅಭ್ಯಾಸಬಲದಿಂದ, “ಯಾರಾದ್ರೂ ತಗೊಳ್ರೀ” ಎಂದುಬಿಟ್ಟೆ. ದೊಡ್ಡಮ್ಮ ಸದ್ದಿಲ್ಲದೆ ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿದರು. ಅಂದು ಆ ಬೀದಿಯ ಅರ್ಧ ಗಂಡಂದಿರಿಗೆ ಊಟ ಮೂರು ಗಂಟೆಗೆ ಸಿಕ್ಕಿತಂತೆ. ಅವರಲ್ಲಿ ಇಬ್ಬರು ಇವತ್ತಿಗೂ ಎದುರು ಸಿಕ್ಕರೆ ಆಕಾಶ ನೋಡುತ್ತಾರೆ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಎಂಟುನೂರರ ಹತ್ತಿರ ಬಂದಿದ್ದೆವು. ದೊಡ್ಡಮ್ಮ ನನ್ನೆದುರಿಗೇ ಕೂತಿದ್ದರು, ಅವರ ಎಡಕ್ಕೆ ದೀಪದ ಕಂಬ. ಸೊಸೆ ಕೊಡಿಸಿದ್ದ ಹೊಸ ಸಿಂಥೆಟಿಕ್ ಸೀರೆ ಉಟ್ಟಿದ್ದರು. ಕುಂಕುಮ ಹಾಕಲು ಬಾಗಿದಾಗ ಹೆಗಲ ಮೇಲಿಂದ ಮುಂದಕ್ಕೆ ಇಳಿಬಿಟ್ಟ ಸೆರಗು ದೀಪಕ್ಕೆ ತಾಗಿತು. ಮೊದಲು ಸಣ್ಣ ಹೊಗೆ. ಆಮೇಲೆ ಹಳದಿ ನಾಲಗೆಯೊಂದು ಅಂಚು ಹಿಡಿದು ಮೇಲೆ ಹತ್ತತೊಡಗಿತು! ಹೆಂಗಸರ ಕಣ್ಣೆಲ್ಲ ತಟ್ಟೆಯ ಮೇಲೆ; ಧೂಪದ ವಾಸನೆಯಲ್ಲಿ ಬಟ್ಟೆಯ ವಾಸನೆ ಯಾರಿಗೂ ಬೇರೆಯಾಗಿ ತಿಳಿಯಲಿಲ್ಲ. ನೋಡಿದವನು ನಾನೊಬ್ಬನೇ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಾನು ಪ್ರಯೋಗಾಲಯದ ಹುಡುಗರಿಗೆ ಹೇಳುವುದುಂಟು: ಬೆಂಕಿ ಕಂಡರೆ ತಕ್ಷಣ ಕೂಗಿ, ಗಾಳಿ ಸಿಗದಂತೆ ದಪ್ಪ ಬಟ್ಟೆಯಿಂದ ಮುಚ್ಚಿ. ಆಗ ಅದೊಂದೂ ನೆನಪಾಗಲಿಲ್ಲ. ಕೂಗಬೇಕೆಂದು ಬಾಯಿ ತೆರೆದೆ. ಎಂಟುನೂರು ನಾಮಗಳ ಓಟದಲ್ಲಿದ್ದ ಆ ಬಾಯಿ ರಾಗ ಬಿಡಲೊಲ್ಲದು!

“ಓಂ... ದೊಡ್ಡಮ್ಮನ ಸೆರಗಿಗೆ ಬೆಂಕಿ ಬಿದ್ದಿದೇ...”

“ನಮಃ” ಎಂದರು ಹನ್ನೊಂದು ಮಂದಿ. ಹನ್ನೊಂದು ಚಿಟಿಕೆ ಕುಂಕುಮ ಬಿತ್ತು. ಅದರಲ್ಲಿ ಒಂದು ದೊಡ್ಡಮ್ಮನದೇ.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಬಿರುಗಾಳಿಯಂತೆ ಯಾರೋ ನುಗ್ಗಿದರು. ಗಾಂಧಿ ಬಜಾರಿನಿಂದ ವಾರವಾರ ಹೂ ತಂದು ಪ್ರಸಾದಕ್ಕೆ ಹೊಸ್ತಿಲಾಚೆ ಕಾಯುವ ಮುನಿಯಮ್ಮ! ಸೇವಂತಿಗೆ ಬಾಡದಿರಲೆಂದು ಬುಟ್ಟಿಗೆ ಹೊದಿಸಿದ್ದ ಒದ್ದೆ ಗೋಣಿತಟ್ಟನ್ನು ಕಿತ್ತು ತಂದು, ರಂಗೋಲಿ ತುಳಿದು, ಇಬ್ಬರನ್ನು ದಾಟಿ, ದೊಡ್ಡಮ್ಮನನ್ನು ಹಿಂದಿನಿಂದ ಬಾಚಿ ತಬ್ಬಿಕೊಂಡಳು. “ಅಲ್ಲಾಡ್ಬೇಡ ಕಣಮ್ಮೋ, ಅಲ್ಲಾಡ್ಬೇಡ!” ಚುರ್ ಎಂದಿತು. ಬೆಂಕಿ ಆರಿತು. ಕಿರುಚಾಟ ಶುರುವಾದದ್ದು ಆಮೇಲೆ.

ಮೊಣಕೈ ಹತ್ತಿರ ಒಂದು ಸಣ್ಣ ಬೊಬ್ಬೆ, ಅಷ್ಟೆ. ತಣ್ಣೀರು ಹಾಕಿದ್ದಾಯಿತು, ಅತ್ತದ್ದಾಯಿತು, ಸೊಸೆಯನ್ನು ಬೈದದ್ದೂ ಆಯಿತು. ಪಕ್ಕದ ಮನೆ ಪದ್ಮಮ್ಮ ಮೆಲ್ಲಗೆ ಕೇಳಿದರು: “ಅರ್ಚನೆ ಮತ್ತೆ ಮೊದಲಿಂದಾನಾ?”

ದೊಡ್ಡಮ್ಮ ಗೋಣಿತಟ್ಟು ಹೊದ್ದುಕೊಂಡೇ ನ್ಯಾಯಾಧೀಶರಂತೆ ಯೋಚಿಸಿದರು. “ಯಾಕ್ರೀ? ಇವನು ‘ಓಂ’ ಹಾಕಿ, ರಾಗ ಬಿಡದೆ ಹೇಳಿದ. ನಾವೆಲ್ಲ ‘ನಮಃ’ ಅಂದ್ವಿ. ಕುಂಕುಮಾನೂ ಹಾಕಿದ್ವಿ. ಅರ್ಚನೆ ನಿಂತಿದ್ದೆಲ್ಲಿ? ಆಮೇಲೆ ಕಿರುಚಿದ್ದು ನಾವು. ಅದು ಭಯಕ್ಕೆ, ಮಾತಲ್ಲ. ಮುಂದಿನ ನಾಮ ಓದೋ.”

ಓದಿದೆ. ಸಾವಿರ ಮುಗಿಯಿತು. ಮಂಗಳಾರತಿಯಾದ ಮೇಲೆ ಹೊಗಳಿಕೆಯ ಸುರಿಮಳೆ. “ಭಂಗ ಆಗದ ಹಾಗೆ ಎಚ್ಚರಿಸಿದ ನೋಡಿ, ಎಂಥಾ ಸಮಯಪ್ರಜ್ಞೆ! ಓದಿದವರು ಓದಿದವರೇ,” ಎಂದರು ಪದ್ಮಮ್ಮ. ಬೇಡ ಬೇಡ ಎನ್ನುತ್ತಲೇ ಎರಡನೇ ಸಲ ಕೋಸಂಬರಿ ಹಾಕಿಸಿಕೊಂಡೆ.

ಗೇಟಿನ ಹತ್ತಿರ ಚಪ್ಪಲಿ ಮೆಟ್ಟುವಾಗ ಮುನಿಯಮ್ಮ ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. “ನಿನಗೆ ಬಾಗಿಲಿಂದ ಬೆಂಕಿ ಹೇಗೆ ಕಾಣಿಸ್ತಮ್ಮ?” ಎಂದು ಕೇಳಿದೆ.

“ಬೆಂಕಿ ಎಲ್ಲಿ ಕಾಣ್ತದೆ ಸಾಮಿ, ಅಮ್ಮಾವ್ರು ಅಡ್ಡ ಕೂತಿದ್ರಲ್ಲ. ಕಾಣಿಸ್ತಿದ್ದಿದ್ದು ನಿಮ್ ಮುಖ. ಕಣ್ಣು ಇಷ್ಟಗಲ ಆಯ್ತು, ದೀಪದ ಕಡೀಕೇ ನೆಟ್ಟಿತ್ತು.” ಬುಟ್ಟಿ ಸೊಂಟಕ್ಕಿಟ್ಟು ದನಿ ತಗ್ಗಿಸಿದಳು. “ಆಮೇಲೂ ಎರಡು ಹೆಸ್ರು ಓದಿದ್ರಿ, ಅಲ್ವರಾ? ಆಗ್ಲೇ ನಾನು ತಟ್ಟು ಎಳ್ಕೊಂಡಿದ್ದು. ಹೋಗ್ಲಿ ಬಿಡಿ, ನಾನ್ ಯಾರ್ಗೂ ಹೇಳಕ್ಕಿಲ್ಲ.”

ನಿಜ, ಓದುಗರೇ. ಮೇಲೆ ಬರೆಯುವಾಗ ಆ ಎರಡು ನಾಮಗಳನ್ನು ನಿಮಗೂ ಹೇಳದೆ ದಾಟಿಸಿದ್ದೆ. ಬೆಂಕಿ ಕಂಡ ಮೇಲೆ, ಮತ್ತೆ ಮೊದಲಿಂದ ಓದಬೇಕಾದೀತೆಂಬ ಹೆದರಿಕೆಗೆ, ಎರಡು ನಾಮ ಓದಿದೆ. ಗೆರೆ ತಪ್ಪದೆ, ಉಚ್ಚಾರ ಶುದ್ಧವಾಗಿ. ಅಷ್ಟು ಹೊತ್ತಿನಲ್ಲಿ ಬೆಂಕಿ ಒಂದು ಗೇಣು ಏರಿತ್ತು. ಮುನಿಯಮ್ಮ ಮಾತು ಉಳಿಸಿಕೊಂಡಿದ್ದಾಳೆ. ನಾನು ಮಾತ್ರ ಗಾಂಧಿ ಬಜಾರಿನಲ್ಲಿ ಅವಳು ಕೂರುವ ಸಾಲು ತಪ್ಪಿಸಿ, ಎದುರು ಸಾಲಿನಲ್ಲಿ ಬಾಡಿದ ಸೇವಂತಿಗೆ ಕೊಳ್ಳುತ್ತಿದ್ದೇನೆ.