ಅತ್ತೆ, ನಾನು ಮತ್ತು ಹಾರುವ ಮನುಷ್ಯ

ಮನೆಗೆ ಕಂಪ್ಯೂಟರ್ ಬಂದ ಮೇಲೆ ನಾವು ನಗದೆ ಮಲಗಿದ ದಿನವೇ ಕಡಿಮೆ. ನಾನು ಆಗ ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಅಂತ ತಗೊಂಡ ಕಂಪ್ಯೂಟರಿನ ಜೊತೆ ಅಂಗಡಿಯವನು ಒಂದು ಆಟದ ಸಿ.ಡಿ.ಯನ್ನೂ ಇಟ್ಟುಬಿಟ್ಟಿದ್ದ. ಸಮುದ್ರದ ದಂಡೆಯ ದೊಡ್ಡ ಪಟ್ಟಣ, ಅದರಲ್ಲಿ ಹಾರಾಡುವ ಒಬ್ಬ ಶೂರ. ಕಷ್ಟದಲ್ಲಿದ್ದವರನ್ನು ಕಾಪಾಡಬೇಕು. ಬೇಡವೆಂದರೆ ಸುಮ್ಮನೆ ಊರು ಸುತ್ತಬಹುದು, ಯಾವ ಬೀದಿಗಾದರೂ ನುಗ್ಗಬಹುದು, ಎಲ್ಲಿಗೆ ಹೊರಟೆ ಅಂತ ಯಾರೂ ಕೇಳುವುದಿಲ್ಲ. ಮನೆ, ಸ್ಕೂಲು, ಸಂತೆ ಬಿಟ್ಟು ಬೇರೆ ದಾರಿ ತುಳಿಯದ ನನಗೆ ಅದರ ರುಚಿ ಹತ್ತಿಬಿಟ್ಟಿತು. ಮೊದಲ ಸಲ ಅವನನ್ನು ಕಟ್ಟಡದ ತುದಿಯಿಂದ ಹಾರಿಸಿದಾಗ, ಕುರ್ಚಿಯಲ್ಲಿ ಕೂತ ನಾನೂ ಎರಡೂ ಕಾಲು ಮೇಲೆತ್ತಿಬಿಟ್ಟಿದ್ದೆ.

ಅದೇ ಹೊತ್ತಿಗೆ ಹಾರನಹಳ್ಳಿಯಲ್ಲಿದ್ದ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು, ಕಾಲು ಮುರಿದುಕೊಂಡು ನಮ್ಮ ಮನೆಗೆ ಬಂದರು. ಪ್ಲಾಸ್ಟರ್ ಬಿಚ್ಚಿಯಾಯಿತು, ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಿಯೂ ಆಯಿತು. ಅತ್ತೆ ಮಾತ್ರ ಮಂಚ ಬಿಟ್ಟು ಏಳಲೊಲ್ಲರು. ಬಚ್ಚಲಿಗೆ ಹೋಗಬೇಕಾದರೂ ಎರಡು ಕಡೆ ಇಬ್ಬರು ಹಿಡಿಯಬೇಕು. ಏನು ಹೇಳಿದರೂ "ಬಿದ್ರೆ?" ಅನ್ನುವ ಒಂದೇ ಮಾತು. ನಡೆಯದೇ ಇದ್ದರೆ ಆ ಕಾಲಿನ ಶಕ್ತಿ ಪೂರ್ತಿ ಹೋಗುತ್ತದೆ ಅಂತ ಡಾಕ್ಟರು ಹೆದರಿಸಿದ್ದೂ ನಾಟಲಿಲ್ಲ. ಅವರ ಮಂಚ ಇದ್ದದ್ದು ಕಂಪ್ಯೂಟರಿನ ಪಕ್ಕದಲ್ಲೇ.

ಗಂಡು ಹೇಗೆ?

"ಯಾರಮ್ಮ ಅವ್ನು, ಮಾಳಿಗೆ ಮೇಲೆ ಕುಂತವ್ನೆ?" ಅತ್ತೆ ಮೊದಲ ದಿನ ಕೇಳಿದರು.

"ಊರು ಕಾಯೋನು ಅತ್ತೆ. ಯಾರಿಗಾದ್ರೂ ತೊಂದರೆ ಆದ್ರೆ ಹಾರಿಹೋಗಿ ಬಿಡಿಸ್ತಾನೆ."

"ಸಂಬಳ ಎಷ್ಟು?"

"ಸಂಬಳ ಇಲ್ಲ."

"ಊಟ ಆದ್ರೂ ಹಾಕ್ತಾರಾ?"

ಅವನು ಊಟ ಮಾಡಿದ್ದನ್ನು ನಾನೂ ನೋಡಿರಲಿಲ್ಲ. "ಅದೂ ಇಲ್ಲ ಅತ್ತೆ."

"ಮದ್ವೆ?"

"ಆದಂಗೆ ಕಾಣಲ್ಲ."

ಅತ್ತೆ ನಿಟ್ಟುಸಿರು ಬಿಟ್ಟರು. "ಹಿಂಗ್ ಮುಖಕ್ಕೆ ಬಟ್ಟೆ ಕಟ್ಕಂಡು ತಿರುಗಿದ್ರೆ ಹೆಣ್ ಕೊಡೋರ್ ಯಾರು? ಮೊದ್ಲು ಅದ್ನ ಬಿಚ್ಚುಸು. ಹೆಂಗವ್ನೆ ನೋಡಾನ."

ಅತ್ತೆಯ ಮಾತು ಮೀರುವುದುಂಟೇ? ಅವತ್ತು ಸಂಜೆ ಇಡೀ ಕೀಬೋರ್ಡು ಒತ್ತಿದೆ. ಅವನು ಕಟ್ಟಡ ಹಾರಿದ, ಕಾರು ಎತ್ತಿದ, ಕಣ್ಣಲ್ಲಿ ಬೆಂಕಿ ಉಗುಳಿದ. ಮುಖ ತೋರಿಸೋಕೆ ಮಾತ್ರ ಒಪ್ಪಲಿಲ್ಲ. "ಏನೋ ಐಬು ಐತೆ ಬುಡು" ಎಂದು ಅತ್ತೆ ಸಂಬಂಧವನ್ನು ಅಲ್ಲಿಗೇ ಕೈಬಿಟ್ಟರು.

ಡ್ರೈವರಣ್ಣನ ಸರದಿ

ನಮ್ಮ ಮಹಡಿ ಮನೆಯಲ್ಲಿದ್ದವರು ಬೇಲೂರು ರೂಟಿನ ಬಸ್ ಡ್ರೈವರ್. ಅತ್ತೆಯನ್ನು ಮಾತಾಡಿಸಲು ಬಂದವರಿಗೆ ನೀವೂ ಒಂದು ಕೈ ಆಡಿ ಅಂತ ಕುರ್ಚಿ ಬಿಟ್ಟುಕೊಟ್ಟೆ.

ಕೆಂಪು ಸಿಗ್ನಲ್ ಕಂಡದ್ದೇ ತಡ, ಅವರು ಶೂರನನ್ನು ನಿಲ್ಲಿಸಿಬಿಟ್ಟರು.

"ಹಾರಿ ಅಣ್ಣ, ಅವನಿಗೆ ಸಿಗ್ನಲ್ ಇಲ್ಲ."

"ಅದೆಂಗ್ ಮೇಡಂ ಹೋಗೋಕಾಯ್ತದೆ? ಎದುರುಗಡೆಯಿಂದ ಗಾಡಿ ಬತ್ತಾ ಇದಾವೆ."

ಅಷ್ಟರಲ್ಲಿ ಕಳ್ಳರು ಸುತ್ತುವರಿದರು. ಇದನ್ನು ಒತ್ತಿ ಅಂತ ಒಂದು ಬಟನ್ ತೋರಿಸಿದೆ. ಶೂರ ರಸ್ತೆಯಲ್ಲಿದ್ದ ಬಸ್ಸನ್ನೇ ತಲೆಯ ಮೇಲೆತ್ತಿದ. ಡ್ರೈವರಣ್ಣ ಬಿಳಿಚಿಕೊಂಡರು.

"ಅಯ್ಯೋ, ಒಳಗೆ ಪ್ಯಾಸೆಂಜರ್?"

"ಖಾಲಿ ಬಸ್ ಅಣ್ಣ. ಕಳ್ಳರ ಮೇಲೆ ಎಸೀರಿ!"

"ಎಸೆಯೋದಾ? ಬಂಪರ್ ಒಂಚೂರು ತರಚಿದ್ರೆ ಡಿಪೋದಲ್ಲಿ ಏನ್ ಮರ್ಯಾದೆ ಮಾಡ್ತಾರೆ ಗೊತ್ತಾ ನಿಮ್ಗೆ?"

ಕಳ್ಳರು ಹಿಂದೆ ಮುಂದೆ ಬಾರಿಸುತ್ತಲೇ ಇದ್ದರು. ಡ್ರೈವರಣ್ಣ ಬಸ್ಸನ್ನು ಹೊತ್ತುಕೊಂಡೇ ಜಾಗ ಹುಡುಕಿ, ರಸ್ತೆ ಪಕ್ಕಕ್ಕೆ ನೇರವಾಗಿ ಇಳಿಸಿದರು. ಇಳಿಸುವುದಕ್ಕೂ ಶೂರ ಸಾಯುವುದಕ್ಕೂ ಸರಿಹೋಯಿತು.

"ಆಳು ಹೋದ್ರೆ ಹೋದ ಬಿಡಿ ಮೇಡಂ," ಎಂದರು ಬೆವರು ಒರೆಸಿಕೊಂಡು, "ಗಾಡಿಗೇನೂ ಆಗ್ಲಿಲ್ಲ."

ಗೈಡ್ ಭಾವ

ನಮ್ಮ ಯಜಮಾನರ ಅಕ್ಕನ ಗಂಡ ಹಳೇಬೀಡಿನಲ್ಲಿ ಗೈಡ್. ಮನೆ ಬಸ್ತಿಹಳ್ಳಿಯಲ್ಲಿ. ಅತ್ತೆಯನ್ನು ನೋಡಲು ಬಂದವರು ಆಟದ ಪಟ್ಟಣ ನೋಡಿ ಮುಖ ಸಿಂಡರಿಸಿದರು.

"ಇಷ್ಟೊಂದು ಕಟ್ಟಡ ಕಟ್ಟಿದಾರೆ, ಗೋಡೆ ಮೇಲೆ ಒಂದು ಆನೆನಾದ್ರೂ ಬೇಡ್ವೇನಮ್ಮ?"

ನಮ್ಮ ಪಟ್ಟಣದ ಮಾನದ ಪ್ರಶ್ನೆ. ಸುತ್ತಿ ಸುತ್ತಿ ಒಂದು ಹಳೇ ಕಟ್ಟಡದ ತುದಿಯಲ್ಲಿ ರೆಕ್ಕೆಯ ಕಲ್ಲುಸಿಂಹ ಹುಡುಕಿದೆ. ಭಾವ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಇನ್ನೂ ಚೆನ್ನಾಗಿ ಕಾಣಲಿ ಅಂತ ನಾನು ಶೂರನನ್ನು ಅದರ ತಲೆಯ ಮೇಲೇ ಇಳಿಸಿದೆ.

"ಏಯ್, ಇಳೀರಿ ಸರ್! ಮೂರ್ತಿ ಮುಟ್ಟಬಾರ್ದು!" ಭಾವ ಕೂಗಿದ ರಭಸಕ್ಕೆ ಕಾಫಿ ಲೋಟ ಉರುಳಿತು. ಶೂರ ಕದಲಲಿಲ್ಲ. ಅದನ್ನೇ ಹಿಂದಿಯಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದರು. ಕಡೆಗೆ ನಾಚಿಕೊಂಡು ಕೂತರು.

"ಅವ್ನಿಗೆ ಯಾವ ಭಾಷೆನೂ ಬರಲ್ಲ ಕಣ್ರೀ ಅಳಿಯಂದ್ರೆ," ಅತ್ತೆ ಸಮಾಧಾನ ಮಾಡಿದರು, "ನಮ್ ಸೊಸೆ ಬೆರಳಲ್ಲಿ ಹೇಳಿದ್ರೇನೆ ಕೇಳೋದು."

ಬೀಳಿಸುವ ಆಟ

ಒಂದು ದಿನ ಅತ್ತೆ ತಾವೇ ಕೀಬೋರ್ಡು ಕೇಳಿದರು. ವೈರ್ ಎಳೆದು ಅವರ ಮಡಿಲಿಗಿಟ್ಟೆ. ಹಾರಿಸುವ ಗೊಡವೆಯೇ ಇಲ್ಲ. ಸಮುದ್ರದ ಪಕ್ಕದ ಹಾದಿಯಲ್ಲಿ ಅವನನ್ನು ಮೆಲ್ಲಗೆ ನಡೆಸಿದರು. ಸ್ವಲ್ಪ ದೂರಕ್ಕೊಮ್ಮೆ ಮರದ ಕೆಳಗೆ ನಿಲ್ಲಿಸುವರು. "ಕಾಲು ನೋಯ್ತದೆ ಪಾಪ." ಕಳ್ಳಕಾಕರೆಲ್ಲ ಆರಾಮಾಗಿದ್ದರು. ನಾನು ಮಾತ್ರ ಅವರ ಬೆರಳು ನಡೆಯುವುದನ್ನೇ ನೋಡುತ್ತಾ ಕೂತೆ.

ಆಮೇಲೊಂದು ಸಂಜೆ ಬೆರಳು ತಪ್ಪಿ ಅವನು ಸೇತುವೆಯಿಂದ ಕೆಳಕ್ಕೆ ಬಿದ್ದ. ಅತ್ತೆ ಕಿಟಾರನೆ ಕಿರುಚಿದರು. ಅವನು ಮೈ ಕೊಡವಿಕೊಂಡು ಎದ್ದು ನಿಂತ.

"ಎದ್ದ!" ಎಂದರು ಅತ್ತೆ. ಇನ್ನೊಂದು ಸಲ ಬೀಳಿಸಿದರು. ಎದ್ದ. ಆಮೇಲೆ ಶುರುವಾಯಿತು ನೋಡಿ, ಮಾಳಿಗೆ, ಗೋಪುರ, ನೀರಿನ ಟ್ಯಾಂಕು, ಯಾವುದನ್ನೂ ಬಿಡಲಿಲ್ಲ. ಆಫೀಸಿನಿಂದ ಬಂದ ಯಜಮಾನರು ಗಾಬರಿಯಾದರು. "ಏನಮ್ಮ ಇದು, ಅವನನ್ನ ಹಿಂಗೆ ಸಾಯಿಸ್ತಾ ಇದೀಯ?"

"ಅಷ್ಟೆತ್ತರದಿಂದ ಬಿದ್ರೂ ಎದ್ದು ಓಡಾಡ್ತಾವ್ನೆ ಕಣ್ಲಾ," ಎಂದರು ಅತ್ತೆ. "ಅವ್ನು ಯಾವ ಡಾಕ್ಟ್ರುತಾವ ತೋರುಸ್ತಾನೆ, ಒಸಿ ಕೇಳು."

ಕರೆಂಟು ಹೋದ ಸಂಜೆ

ಆಟದ ಕೊನೆಯಲ್ಲಿ ಒಬ್ಬ ಮಹಾದುಷ್ಟ ಇಡೀ ಪಟ್ಟಣವನ್ನು ಸಮುದ್ರದಲ್ಲಿ ಮುಳುಗಿಸಲು ನಿಂತಿರುತ್ತಾನೆ. ವಾರಗಟ್ಟಲೆ ಅವನ ಕೈಲಿ ಒದೆ ತಿಂದಿದ್ದೆ. ಅವತ್ತು ಭಾನುವಾರ ಸಂಜೆ ನನ್ನ ಕೈ ಓಡುತ್ತಿತ್ತು. ಅತ್ತೆ ಮಂಚದ ತುದಿಗೆ ಬಂದು, ಕಾಲು ಇಳಿಬಿಟ್ಟು, "ಎಡಕ್ಕೋಗು! ಗುದ್ದು! ಬಿಡಬ್ಯಾಡ!" ಅನ್ನುತ್ತಿದ್ದರು. ದುಷ್ಟ ಮಂಡಿಯೂರಿದ. ಇನ್ನೊಂದೇ ಏಟು. ಕರೆಂಟು ಹೋಯಿತು.

ನಾನು ಎದ್ದು ಅಡುಗೆಮನೆಗೆ ಹೋಗಿ ಕಾಫಿಗಿಟ್ಟೆ. ಲೋಟ ಹಿಡಿದು ಬಂದರೆ ಮಂಚ ಖಾಲಿ. ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ. ಬೀದಿ ಬಾಗಿಲು ತೆರೆದಿತ್ತು. ಲೋಟ ಅಲ್ಲೇ ಇಟ್ಟು ಓಡಿದೆ.

ಬೀದಿಯ ಕೊನೆಯಲ್ಲಿ, ಕಂಬದ ಮೇಲೆ ಲೈನ್‌ಮನ್. ಕೆಳಗೆ ಸೊಂಟಕ್ಕೆ ಕೈಯಿಟ್ಟು ನಮ್ಮ ಅತ್ತೆ.

"ಒಂದೇ ಗುದ್ದು ಬಾಕಿ ಇತ್ತು ಕಣೋ! ಅಷ್ಟ್ರಲ್ಲಿ ತೆಗುದ್ಬುಟ್ಯಲ್ಲ!"

"ಯಾರ್ಗಜ್ಜಿ ಗುದ್ದೋದು?"

"ಅಲ್ಲಿ ಊರಿಗೂರೇ ಮುಳುಗ್ತಾ ಐತೆ!"

ಲೈನ್‌ಮನ್ ಗಾಬರಿಯಿಂದ ಕಂಬದ ಮೇಲಿಂದಲೇ ಊರಾಚೆ ಕತ್ತು ಚಾಚಿದ. "ಕೆರೆ ಸರಿಯಾಗೇ ಐತಲ್ಲಜ್ಜಿ!"

"ಅತ್ತೆ," ಅವರ ಪಕ್ಕ ಹೋಗಿ ನಿಂತೆ, "ನೀವು... ನಡ್ಕೊಂಡು ಬಂದ್ರಾ?"

ಅತ್ತೆ ನನ್ನನ್ನು ನೋಡಿದರು. ಕಾಲು ನೋಡಿಕೊಂಡರು. ದೂರದಲ್ಲಿದ್ದ ನಮ್ಮ ಮನೆ ನೋಡಿದರು. ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡರು. ಅದನ್ನು ಕಂಡು ಲೈನ್‌ಮನ್ ಕೆಳಗಿಳಿಯತೊಡಗಿದ.

"ಇರಜ್ಜಿ, ಬಂದೆ. ಮನೆ ಗಂಟ ನಾನೇ ಎತ್ಕಂಡ್ ಹೋಯ್ತೀನಿ."

ಅತ್ತೆ ನನ್ನ ಭುಜದಿಂದ ಕೈ ತೆಗೆದು ನೆಟ್ಟಗೆ ನಿಂತರು.

"ಇಳುದ್ರೆ ನೋಡು! ಅಲ್ಲೇ ಇರು, ನಾನ್ ನಡ್ಕಂಡೇ ಹೋಯ್ತೀನಿ. ನಾನು ಮನೆ ಮುಟ್ಟೋದ್ರೊಳಗೆ ನೀನು ಕರೆಂಟ್ ಕೊಡು!"